ಜೇನುಹುಳದ ಬದಲಿಗೆ ನಾನು

ಕುಷ್ಟಗಿ ತಾಲ್ಲೂಕಿನಲ್ಲಿ ಬೆಳೆಗೆ ಎಣ್ಣಿ, ಅಂದರೆ ಕೀಡಿ ಕೊಲ್ಲುವ ಔಷಧಿ, ಹೊಡೆಯುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಬೆನ್ನಿಗೆ ಪಂಪು ಏರಿಸಿ ಬದುವಿಗೆ ಬಂದರೆ ಸಾಕು, ಕೀಡಿಗಳು ತಾವೇ ಗಂಟುಮೂಟೆ ಕಟ್ಟುತ್ತವೆ.

ತಾವರಗೇರಾ ಹತ್ತಿರ ಶಂಕ್ರಮ್ಮ ಅನ್ನುವಾಕೆ ಸೂರ್ಯಕಾಂತಿಗೆ ಕೀಡಿ ಬಿದ್ದಿದೆ ಎಂದು ಕರೆಸಿದ್ದಳು. ಬೆಳಿಗ್ಗೆ ಒಂಬತ್ತಕ್ಕೇ ಹೋದೆ. ಅರಳಿದ ಹೂವಿನ ತುಂಬ ಜೇನುಹುಳ. ಆಕೆ ಓಡಿಬಂದು ಪಂಪಿನ ಪಟ್ಟಿ ಹಿಡಿದಳು.

"ಸಂಜೀಕ ಬರ್ರಿ ಅಂದಿದ್ನಲ್ಲ ಕಾಕಾ! ಈಗ ಹೊಡದ್ರ ಜೇನೂ ಸಾಯ್ತಾವ. ಹೋದ ವರ್ಷ ಹಂಗ ಆಗಿ ಬರೇ ಜೊಳ್ಳು ಬಂತು."

"ಸತ್ರ ಸಾಯ್ಲಿ ಬಿಡವಾ, ಅವುಗಳ ಕೆಲಸ ನಾನೊಬ್ಬನ ಮಾಡ್ತೀನಿ!"

"ಹೌದೇನ್ರಿ? ಒಂದು ಸಾಲು ಮಾಡಿ ತೋರಸ್ರಿ ಹಂಗಾರ."

ನನ್ನ ಕೈಗೆ ಮೆತ್ತನೆಯ ಅರಿವೆ ಸುತ್ತಿದಳು. ಜೇನು ಕಡಿಮೆಯಾದ ವರ್ಷ ನಮ್ಮ ಕಡೆ ಹೀಗೇ ಒಂದೊಂದು ಹೂವಿನ ಮುಖ ಸವರಿ ಪರಾಗ ಹಚ್ಚುತ್ತಾರೆ. ಅರ್ಧ ಸಾಲಿಗೇ ನನ್ನ ಭುಜ ಬಿದ್ದುಹೋಯಿತು, ಮೀಸೆ ಹಳದಿಯಾಯಿತು. ಜೇನುಹುಳಗಳು ಪಕ್ಕದ ಸಾಲಿನಲ್ಲಿ ನನ್ನನ್ನು ದಾಟಿ ಮುಂದೆ ಹೋದವು.

"ಕಾಕಾ, ಆ ಹೂವು ಬಿಟ್ರಿ ನೋಡ್ರಿ. ಜೇನುಹುಳ ಒಂದೂ ಬಿಡಂಗಿಲ್ಲ," ಎಂದಳು ಬದುವಿನ ಮೇಲೆ ಕೂತ ಶಂಕ್ರಮ್ಮ.

ಪಂಪು ಇಳಿಸಿ ಬೇವಿನ ಮರದ ನೆರಳಿಗೆ ಹೋದೆ. ಜೇನೆಲ್ಲ ಗೂಡು ಸೇರಿದ ಮೇಲೆ, ಸಂಜೆ, ಬಾಯಿ ಮುಚ್ಚಿಕೊಂಡು ಎಣ್ಣಿ ಹೊಡೆದೆ.

ಆ ಸಲ ಶಂಕ್ರಮ್ಮನಿಗೆ ಕಾಳು ಗಟ್ಟಿಯಾಗಿ ಬಂತು. ನಾನು ಸವರಿದ ಅರ್ಧ ಸಾಲಿನಲ್ಲೇ ಎಲ್ಲಕ್ಕಿಂತ ಛಲೋ ಬಂತೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಆಕೆಯನ್ನು ಮಾತ್ರ ಯಾರೂ ಕೇಳಲು ಹೋಗಬೇಡಿ.