ಕೈ ತೂಕದ ಹೊಂಬಾಳಯ್ಯ

ಹೊಂಬಾಳಯ್ಯ ಕಂಪ್ಯೂಟರಿನ ಭಾಗಗಳನ್ನು ಕಿವಿಯ ಹತ್ತಿರ ಹಿಡಿದು ಕುಲುಕಿ ನೋಡುತ್ತಿದ್ದರು. ಮೆಮೊರಿ ಪಟ್ಟಿ, ಫ್ಯಾನು, ಕಡೆಗೆ ಕುಲುಕಲೇಬಾರದ ಹಾರ್ಡ್ ಡಿಸ್ಕು ಕೂಡ ಆ ಕಿವಿಯನ್ನು ದಾಟಿಯೇ ಬರಬೇಕಿತ್ತು. ಆಮೇಲೆ ಅಂಗೈ ಮೇಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿ, ಕಣ್ಣು ಮುಚ್ಚಿ, "ಹೂಂ, ಆಯ್ತದೆ" ಎನ್ನುವರು. ರಾಮನಗರದ ಜನ ಅದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಅವರು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅರ್ಧ ಆಯುಸ್ಸು ಕಳೆದವರು. ನೂಲು ತೆಗೆಯುವ ರೀಲರುಗಳಿಗೆ ಗೂಡು ಆರಿಸಿಕೊಡುವುದು ಅವರ ಕಸುಬು. ನಾಲ್ಕು ಗೂಡು ಕುಲುಕಿ, ಒಳಗಿನ ಹುಳ ಸರಿಯಾಗಿದೆಯೋ ಕರಗಿಹೋಗಿದೆಯೋ ಹೇಳಿಬಿಡುವರು. ನಮ್ಮಪ್ಪನೂ ಸಣ್ಣ ರೀಲರು. ಆ ಕೈಯನ್ನು ನಂಬಿಯೇ ಸಂಸಾರ ನಡೆಸಿದವರು. ಆ ಕಸುಬು ಇಳಿದ ಮೇಲೆ ಹೊಂಬಾಳಯ್ಯ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಅಲೆದು, ಕಂಪ್ಯೂಟರ್ ಜೋಡಿಸುವುದನ್ನು ಕಲಿತು ಬಂದು ಸ್ಟೇಷನ್ ರಸ್ತೆಯಲ್ಲಿ ಅಂಗಡಿ ತೆರೆದರು. ಐವತ್ತು ದಾಟಿದ ಮೇಲೆ ಹೊಸದು ಕಲಿಯುವುದು ಸಣ್ಣ ಮಾತಲ್ಲ, ಒಪ್ಪುತ್ತೇನೆ. ಆದರೆ ಹಳೆಯ ಕೈಯನ್ನು ಮಾತ್ರ ಬಿಡಲಿಲ್ಲ.

ಗಿರಾಕಿಗಳನ್ನು ಅವರು ಮಾತಾಡಿಸುತ್ತಿದ್ದ ರೀತಿಯೋ, ದೇವರೇ ಗತಿ. ಬಾಗಿಲಲ್ಲಿ ನಿಂತವನಿಗೆ "ತಗೊಳಕ್ ಬಂದಿದ್ದೀಯೋ, ಗಾಳಿ ಕುಡಿಯಕ್ ಬಂದಿದ್ದೀಯೋ" ಎಂಬ ಸ್ವಾಗತ. ಮಗನಿಗೆ ಆಟವಾಡಲು ಕಂಪ್ಯೂಟರ್ ಬೇಕು ಎಂದ ಮೇಷ್ಟ್ರೊಬ್ಬರಿಗೆ, "ಬುಗುರಿ ಕೊಡ್ಸು ಹೋಗು, ಕಾಸೂ ಉಳಿತದೆ, ಕಣ್ಣೂ ಉಳಿತದೆ" ಎಂದು ಬೆನ್ನು ತಿರುಗಿಸಿದ್ದರು. ಅಪ್ಪ ಅಣ್ಣ ಎನ್ನುತ್ತಿದ್ದುದರಿಂದ ಅಂಥವರನ್ನು ನಾನು ದೊಡ್ಡಪ್ಪ ಎಂದು ಕರೆಯಬೇಕಿತ್ತು.

ಬಿಡದಿಯ ಸುತ್ತ ಕಾರ್ಖಾನೆಗಳು ಸಾಲಾಗಿ ಏಳುತ್ತಿದ್ದ ಕಾಲ ಅದು. ಡಿಪ್ಲೊಮಾ ಮುಗಿಸಿ, ಅಲ್ಲಿನ ಒಂದು ಟೂಲ್ ರೂಮಿನಲ್ಲಿ ನಾಲ್ಕು ವರ್ಷ ಅಚ್ಚುಗಳ ನಕ್ಷೆ ತೆಗೆದಿದ್ದೆ. ತಗಡನ್ನು ಒತ್ತಿ ವಾಹನದ ಬಿಡಿಭಾಗ ಮಾಡುವ ಅಚ್ಚುಗಳು ಅವು. ಒಂದೊಂದರಲ್ಲಿ ಮುನ್ನೂರು ತುಂಡು. ಅಷ್ಟನ್ನೂ ತೆರೆಯ ಮೇಲೆ ಜೋಡಿಸಿ, ತಿರುಗಿಸಿ, ಯಾವುದು ಯಾವುದಕ್ಕೆ ತಗಲುತ್ತದೆ ಎಂದು ನೋಡಬೇಕು. ಆ ಕೆಲಸವನ್ನು ಮನೆಯಲ್ಲೇ ಸ್ವಂತಕ್ಕೆ ಮಾಡುತ್ತೇನೆಂದು ನೌಕರಿ ಬಿಟ್ಟೆ. ಒಂದು ಕಾರ್ಖಾನೆಯವರು ಮೊದಲ ಅಚ್ಚನ್ನು ನಂಬಿ ಕೊಟ್ಟಿದ್ದರು. ಅದನ್ನು ಹೇಳಿದ ದಿನಕ್ಕೆ ಮುಗಿಸಿದರೆ ನಾನು ಉಳಿದೆ, ಇಲ್ಲದಿದ್ದರೆ ಮತ್ತೆ ಯಾರದೋ ಕೈಕೆಳಗೆ.

ಅದಕ್ಕೆ ತಕ್ಕ ಕಂಪ್ಯೂಟರ್ ಬೇಕಿತ್ತು. ಟೂಲ್ ರೂಮಿನ ಗೆಳೆಯರನ್ನು ಕೇಳಿ ಪಟ್ಟಿ ಮಾಡಿದ್ದೆ: ಯಾವ ಗ್ರಾಫಿಕ್ಸ್ ಕಾರ್ಡು, ಎಷ್ಟು ಮೆಮೊರಿ, ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಪವರ್ ಸಪ್ಲೈ ಪೆಟ್ಟಿಗೆ ಯಾವುದು, ಎಲ್ಲ. ಬೆಂಗಳೂರಿನಲ್ಲಿ ಕೊಳ್ಳುತ್ತೇನೆ ಎಂದರೆ ಅಪ್ಪ ಕೇಳಲಿಲ್ಲ. "ಹೊಂಬಾಳಣ್ಣನ ಕೈ ಇರುವಾಗ ಅಲ್ಲಿಗ್ಯಾಕೆ ಹೋಗ್ತೀಯ?" ಎಂದು ಕರೆದುಕೊಂಡೇ ಹೋದರು.

ಹೊಂಬಾಳಯ್ಯ ಪಟ್ಟಿ ಓದಿ, "ಇಷ್ಟು ದೊಡ್ಡ ಮಿಷನ್ನು ಯಾಕವ್ವಾ? ಮದುವೆ ಕಾರ್ಡು ಮಾಡಕಾ?" ಎಂದರು. ಅಪ್ಪ ನಕ್ಕರು. ನಾನು ಕೆಲಸ ವಿವರಿಸಿದೆ. ಕಾರ್ಡು, ಮೆಮೊರಿಗೆ ತಲೆಯಾಡಿಸಿದವರು ಪವರ್ ಸಪ್ಲೈ ಹೆಸರಿನ ಮೇಲೆ ಗೀಟು ಎಳೆದರು. ಅದು ಅವರ ಅಂಗಡಿಯಲ್ಲೇ ಇತ್ತು, ಆದರೆ ಹಗುರ. ಅವರು ಆರಿಸಿದ್ದು ಇನ್ನೊಂದು.

"ದೊಡ್ಡಪ್ಪ, ಎಷ್ಟು ವ್ಯಾಟ್ ಅಂತ ನಾನು ಹೇಳಿದ್ದರ ಮೇಲೆ ಬರೆದಿದೆ ನೋಡಿ" ಎಂದೆ.

"ಬರಿಯಕ್ಕೇನು, ಗೋಡೆ ಮ್ಯಾಲೂ ಬರೀತಾರೆ. ಒಳಗೆ ತಾಮ್ರ ಇದ್ರೆ ತೂಕ ಇರ್ತದೆ. ಎತ್ತಿ ನೋಡು ಮಗಾ."

ಎರಡನ್ನೂ ನನ್ನ ಎರಡು ಅಂಗೈ ಮೇಲೆ ಇಟ್ಟರು. ಅವರದು ನಿಜವಾಗಿಯೂ ಭಾರವಾಗಿತ್ತು. ನನ್ನ ಕೈಯೂ ಅವರು ಹೇಳಿದ್ದನ್ನೇ ಹೇಳಿತು, ನಾನು ಒಪ್ಪಿಬಿಟ್ಟೆ. ಅವರ ಮೇಲಿನ ಸಿಟ್ಟಿನಲ್ಲಿ ಅರ್ಧ ಆ ಗಳಿಗೆಯಲ್ಲಿ ನನ್ನ ಮೇಲೆಯೇ ಹುಟ್ಟಿದ್ದು.

ಕೆಲಸ ಅರ್ಧಕ್ಕೆ ಬರುವ ತನಕ ಏನೂ ಆಗಲಿಲ್ಲ. ತುಂಡುಗಳೆಲ್ಲ ಸೇರಿ ಅಚ್ಚು ದೊಡ್ಡದಾದಂತೆ, ಅದನ್ನು ತಿರುಗಿಸಿದಾಗಲೆಲ್ಲ ಕಂಪ್ಯೂಟರ್ ತಟ್ಟನೆ ಆರಿಹೋಗತೊಡಗಿತು. ಹೊಂಬಾಳಯ್ಯ ಬಂದು ನೋಡಿ, "ಗಿರಗಿರ ಅಂತ ಯಾಕೆ ತಿರುಗುಸ್ತೀಯ? ಒಸಿ ನಿಧಾನಕ್ಕೆ ತಿರುಗ್ಸು" ಎಂದರು. ಪವರ್ ಸಪ್ಲೈ ಬದಲಿಸಿ ಎಂದೆ. "ಅದನ್ನ ನಾನೇ ಆರ್ಸಿದ್ದು ಕಣವ್ವ" ಎಂದರು, ಅಲ್ಲಿಗೆ ಚರ್ಚೆ ಮುಗಿಯಿತು ಎನ್ನುವ ಹಾಗೆ. ಎರಡನೆಯ ಸಲ ನಮ್ಮ ಮನೆಯ ವೈರಿಂಗಿನ ಮೇಲೆ ಗೂಬೆ ಕೂರಿಸಿದರು. ಅಪ್ಪ ಹಿತ್ತಿಲಲ್ಲಿ ಗುಂಡಿ ತೋಡಿಸಿ, ಉಪ್ಪು ಇದ್ದಿಲು ತುಂಬಿಸಿ ಹೊಸ ಅರ್ಥಿಂಗ್ ಮಾಡಿಸಿದರು. ಮೂರನೆಯ ಸಲ ಪೆಟ್ಟಿಗೆಯೊಳಗೆ ಢಬ್ ಎಂದಿತು, ಸುಟ್ಟ ವಾಸನೆ ಬಂತು. ಪವರ್ ಸಪ್ಲೈ ತಾನು ಹೋಗುವಾಗ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಸೀಡಿಯಲ್ಲಿ ಉಳಿಸಿಕೊಂಡಿದ್ದು ಹತ್ತು ದಿನ ಹಳೆಯ ನಕ್ಷೆ. ಒಪ್ಪಿಸಲು ಉಳಿದಿದ್ದು ಎರಡು ದಿನ.

ಕಾರ್ಖಾನೆಯ ಡಿಸೈನ್ ವಿಭಾಗದ ಮುಖ್ಯಸ್ಥರು ಬೈಯಲಿಲ್ಲ. "ಪರವಾಗಿಲ್ಲಮ್ಮ, ಬೇರೆಯವರಿಗೆ ಕೊಡ್ತೀವಿ" ಎಂದರು. ಬೈದಿದ್ದರೆ ವಾಸಿಯಿತ್ತು.

ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ನೇರ ಅಂಗಡಿಗೆ ಹೋದೆ. ಐದಾರು ಗಿರಾಕಿಗಳಿದ್ದರು. ಅವರೆದುರೇ ಆ ಪವರ್ ಸಪ್ಲೈ ಕಳಚಿ, ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಒಳಗೆ ಬೆರಳಷ್ಟು ತಾಮ್ರ. ತಳದಲ್ಲಿ ಅಂಟು ಹಾಕಿ ಕೂರಿಸಿದ ಒಂದು ಕಬ್ಬಿಣದ ತುಂಡು. ಯಾವ ತಂತಿಯೂ ಅದಕ್ಕೆ ಸೇರಿರಲಿಲ್ಲ. ಅದರ ಕೆಲಸ ಭಾರವಾಗಿರುವುದಷ್ಟೇ. ಕೈಯಲ್ಲಿ ತೂಗಿ ಕೊಳ್ಳುವವರಿಗೆಂದೇ ಯಾರೋ ತಯಾರಿಸಿದ ಮಾಲು.

"ಇದನ್ನೂ ಕಿವಿಗಿಟ್ಟು ಕೇಳಿ ದೊಡ್ಡಪ್ಪ. ಹುಳ ಬದುಕಿದೆಯಾ ನೋಡಿ" ಎಂದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯುವಂಥದ್ದಲ್ಲ. ಅವರು ಕಬ್ಬಿಣದ ತುಂಡನ್ನು ಕಿತ್ತು ಶರ್ಟಿನ ಜೇಬಿಗೆ ಹಾಕಿಕೊಂಡರು. ಸಂಜೆ ಹೊತ್ತಿಗೆ, ನಾನು ಮೊದಲು ಕೇಳಿದ್ದ ಪವರ್ ಸಪ್ಲೈಯನ್ನೇ ಹಾಕಿ, ಹೊಸ ಡಿಸ್ಕು ಕೂರಿಸಿ, ತಾವೇ ಹೊತ್ತು ತಂದು ನಮ್ಮ ಜಗಲಿ ಮೇಲಿಟ್ಟು ಹೋದರು. ಅಪ್ಪ ಕಾಫಿಗೆ ಕರೆದರು, ಅವರು ನಿಲ್ಲಲಿಲ್ಲ.

ಆ ಮೇಲೆ ಅವರ ಅಂಗಡಿ ಮುಂದೆ ನಾನು ನಡೆಯಲೇ ಇಲ್ಲ. ಆರು ತಿಂಗಳಿಗೆ ಅದೇ ಕಾರ್ಖಾನೆಯಿಂದ ಫೋನ್ ಬಂತು, ಒಂದು ಸಣ್ಣ ಅಚ್ಚಿದೆ, ಮಾಡ್ತೀರಾ ಎಂದು. ಮಾಡಿದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಕೆಲಸ ತಪ್ಪಿದಾಗ ಒಪ್ಪಿಸಿದ್ದ ನನ್ನ ಹಳೆಯ ಅರ್ಧ ನಕ್ಷೆ ನೋಡಿಯೇ ಅವರಿಗೆ ನನ್ನ ಕೈಚಳಕ ಗೊತ್ತಾಗಿದೆ ಎಂದುಕೊಂಡೆ. ಹೊಂಬಾಳಯ್ಯ ಕೆಡಿಸಿದ್ದನ್ನು ನಾನೊಬ್ಬಳೇ ಎತ್ತಿ ನಿಲ್ಲಿಸಿದೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮೂರು ವರ್ಷದ ಮೇಲೆ ಆ ಮುಖ್ಯಸ್ಥರು ನಿವೃತ್ತರಾಗುವ ದಿನ ಊಟಕ್ಕೆ ಕರೆದಿದ್ದರು. ಪಾಯಸ ಬಡಿಸುವಾಗ, "ನಿಮ್ಮ ಪರವಾಗಿ ಬಂದಿದ್ದರಲ್ಲ, ಆ ಯಜಮಾನರು ಚೆನ್ನಾಗಿದ್ದಾರಾ?" ಎಂದರು. ಯಾವ ಯಜಮಾನರು ಎಂದು ಕೇಳಿದೆ. ಮೊದಲ ಕೆಲಸ ತಪ್ಪಿದ ವಾರವೇ ಒಬ್ಬ ಮುದುಕರು ಗೇಟಿನಲ್ಲಿ ಎರಡು ದಿನ ಕೂತು, ಒಳಗೆ ಬಿಟ್ಟ ಮೇಲೆ ಒಂದು ಕಬ್ಬಿಣದ ತುಂಡನ್ನು ಮೇಜಿನ ಮೇಲಿಟ್ಟು, "ತಪ್ಪು ನಂದು, ಮಗೂದಲ್ಲ" ಎಂದು ಹೇಳಿಹೋದರಂತೆ. 

ಮರುದಿನವೇ ಅಂಗಡಿಗೆ ಹೋದೆ. ಕೃತಜ್ಞತೆ ಹೇಳಲು ಅಲ್ಲ, ಜಗಳಕ್ಕೆ. ಅವರು ಸೊರಗಿದ್ದರು.

"ನಿಮ್ಮನ್ನ ಯಾರು ಹೋಗು ಅಂದಿದ್ದು? ನನ್ನ ಕೆಲಸ ನಾನು ಕೇಳಿ ತಗೋತಿರಲಿಲ್ವಾ?"

"ನಿಂಗೆ ಕೆಲಸ ಕೇಳಕ್ ಹೋಗಿರ್ಲಿಲ್ಲ ಕಣವ್ವ. ನಾನ್ ಮಾಡಿದ್ದ ತಪ್ಪು ನಿನ್ನ ತಲೆ ಮ್ಯಾಲೆ ಕುಂತ್ಬುಟ್ಟಿತ್ತು. ಅದ ಎತ್ಕೊಂಡ್ ಬರಕ್ ಹೋಗಿದ್ದೆ. ಕೆಲಸ ನೀನೇ ಮಾಡ್ಕೊಂಡಿದ್ದಲ್ವಾ."

"ಅದನ್ನ ಅವತ್ತೇ ನನಗೆ ಹೇಳಬೇಕಿತ್ತು."

"ನೀನು ಬೈತಿದ್ದೆ. ಮಧ್ಯದಲ್ಲಿ ಎಂಗೆ ಮಾತಾಡನ?" ಎಂದು, ಕಾದಿದ್ದ ಗಿರಾಕಿಯ ಕಡೆ ತಿರುಗಿ, "ಏನ್ಲಾ, ನಿಂದೇನು?" ಎಂದರು. ನಾನು ಎದ್ದು ಬಂದೆ. ಅದೇ ಕಡೆಯ ಭೇಟಿ.

ಆ ವರ್ಷದ ಕೊನೆಯಲ್ಲಿ ಹೊಂಬಾಳಯ್ಯ ತೀರಿಕೊಂಡರು. ಹನ್ನೊಂದನೆಯ ದಿನದ ತಿಥಿಗೆ ಅಪ್ಪ ಹೊರಟು ನಿಂತು, "ನೀನೂ ಬಾರವ್ವ" ಎಂದರು. ಬರೋದಿಲ್ಲ ಎಂದೆ. ಇನ್ನೂ ಅಣ್ಣನ ಮ್ಯಾಲೆ ಸಿಟ್ಟಾ ಎಂದು ಕೇಳಿದರು. ಹೌದು ಎಂದೆ. ಯಾವುದಕ್ಕೆ ಎಂದು ಕೇಳಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತರು. ನಾನು ಒಳಗೆ ಹೋಗಿ, ಅವರು ಜೋಡಿಸಿಕೊಟ್ಟ ಕಂಪ್ಯೂಟರಿನ ಗುಂಡಿ ಒತ್ತಿದೆ.