ಕವಣೆ ಬೀಸಿದ ಕಾಕಾ ಕೆಂಪು ಚೌಕದಲ್ಲಿ

ಗೆಳೆಯರೇ, ಇದನ್ನು ಕೇಳಿ. ಇವತ್ತು ಮಸ್ಕಿ ಹತ್ತಿರದ ನಮ್ಮ ಜೋಳದ ಹೊಲಕ್ಕೆ ಬೆಳೆ ಕಾಯುವ ಡ್ರೋನ್ ತೋರಿಸಲು ಕಂಪನಿಯವನೊಬ್ಬ ಬಂದಿದ್ದ.

“ಸರ್ಕಾರಿ ಪ್ರಯೋಗಾಲಯದ ಜೋಡಿ ಕೂಡಿ ಮಾಡೀವ್ರಿ. ಗಡಿಯಾಗ ಸೈನ್ಯಕ್ಕೂ ಇದೇ,” ಎಂದ.

ಡ್ರೋನ್ ಸದ್ದಿಗೆ ಹಕ್ಕಿಗಳು ಎದ್ದವು. ಅಟ್ಟಣಿಗೆ ಮೇಲೆ ಹಕ್ಕಿ ಕಾಯುತ್ತಿದ್ದ ಹುಸೇನ್ ಕಾಕಾ ರೂಢಿಯಂತೆ ಕವಣೆ ಬೀಸಿದರು. ಕಂಪನಿಯವನ ಕೈಯಲ್ಲಿದ್ದ ಪರದೆಯಲ್ಲಿ ಕಾಕಾನ ಸುತ್ತ ಕೆಂಪು ಚೌಕ ಮೂಡಿತು. ಡ್ರೋನ್ ತಿರುಗಿ ಬಂದು ಅವರ ನೆತ್ತಿಯ ಮೇಲೇ ನಿಂತಿತು.

“ಯಾಕ್ರೀ ಕೆಂಪು?” ಎಂದೆ.

“ಬೀಸೋ ಕೈ ಕಂಡ್ರ ವೈರಿ ಅಂತ ತಿಳೀತದ್ರಿ. ಸೈನ್ಯದ ಸೆಟ್ಟಿಂಗ್ ತೆಗಿಯೋದು ಮರತೀನ್ರಿ.”

ಕಾಕಾ ಎತ್ತಿದ ಕೈ ಎತ್ತಿದಂತೆಯೇ ಕೂಗಿದರು: “ತಮ್ಮಾ, ಕೈ ಇಳಿಸ್ಲೋ ಬ್ಯಾಡೋ?”

ಅದು ಕಂಪನಿಯವನಿಗೂ ಗೊತ್ತಿರಲಿಲ್ಲ.

ಡ್ರೋನ್ ಹೋಗಿ ಮೂರು ತಾಸಾಯಿತು. ಹಕ್ಕಿಗಳು ಆರಾಮಾಗಿ ತೆನೆ ತಿನ್ನುತ್ತಿವೆ, ಕಾಕಾ ಕೈ ಕಟ್ಟಿ ಕೂತಿದ್ದಾರೆ. ಪ್ರದರ್ಶನ ಯಶಸ್ವಿ ಎಂದು ಕಂಪನಿಯವ ಬರೆದುಕೊಂಡು ಹೋಗಿದ್ದಾನೆ.