ಶಬಾನಾಳ ನೋಟ್‌ಬುಕ್ಕಿಗೆ ನಾ ಹಾಕಿದ 'ಗುಡ್'

ಗೆಳೆಯರ, ಇವತ್ತ ಸಾಲ್ಯಾಗ ನನ್ನ ಮಾನ ಹೋತು. ಹೋಗಬೇಕಾಗಿತ್ತು ಬಿಡ್ರಿ.

ನಾ ಇಂಗ್ಲಿಷ್ ಕಲಸೋ ಒಂಬತ್ತನೇ ಕ್ಲಾಸಿಗೆ ಯಳವತ್ತಿಯಿಂದ ಲಕ್ಷ್ಮೇಶ್ವರಕ್ಕ ಬರೋ ಶಬಾನಾ ಹೊಸಾ ಚಷ್ಮಾ ಹಾಕ್ಕೊಂಡು ಬಂದಿದ್ಲು. ಜೋಡಿ ಅವರ ಅಮ್ಮಿನೂ ಇದ್ಲು. ನಾ ಜೋರ ಮಾಡಿದೆ: "ಬೋರ್ಡ್ ಕಾಣಂಗಿಲ್ಲಂತ ಮೊದಲ ಹೇಳಾಕ ಏನಾಗಿತ್ತ ನಿನಗ?"

ಹುಡುಗಿ ತಲಿ ತಗ್ಗಿಸಿದ್ಲು. ಅಮ್ಮಿ ಮೆಲ್ಲಕ ಅಂದ್ಲು: "ಅಕ್ಕೋರ, ಬರದು ಕೊಟ್ಟಿದ್ಲಂತ್ರಿ. ನೀವ ಗುಡ್ ಅಂತ ಹಾಕೀರಿ."

ನೋಟ್‌ಬುಕ್ ತೆಗದೆ. 'ಬಟ್' ಹಚ್ಚಿ ಎರಡು ವಾಕ್ಯ ಜೋಡಿಸ್ರಿ ಅಂತ ಹೋದ ತಿಂಗಳ ಹೋಂವರ್ಕ್ ಕೊಟ್ಟಿದ್ದೆ. ಅದರಾಗ ಇಂಗ್ಲಿಷಿನ್ಯಾಗ ಬರದಿದ್ಲು: 'ನಾ ಹಿಂದಿನ ಬೆಂಚಿನ್ಯಾಗ ಕುಂದರ್ತೀನಿ, ಆದ್ರ ನನಗ ಬೋರ್ಡ್ ಕಾಣಂಗಿಲ್ಲ.' ಮುಂದ ನನ್ನ ಕೆಂಪು ಟಿಕ್. ಕೆಳಗ 'ಗುಡ್', ನನ್ನ ಸಹಿ. ನಾ ಬರೇ 'ಬಟ್' ಎಲ್ಲೈತಿ ನೋಡಿ ಟಿಕ್ ಹೊಡಕೋತ ಹೋಗಿದ್ದೆ.

"ಮತ್ತೊಮ್ಮೆ ಯಾಕ ಹೇಳಲಿಲ್ಲವಾ?" ಅಂದೆ, ದನಿ ಇಳಿಸಿ.

"ನಿಮಗ ಗೊತ್ತೈತಿ ಅನ್ಕೊಂಡಿದ್ದೆರಿ."

ಅಕಿನ್ನ ಮುಂದಿನ ಬೆಂಚಿಗೆ ಕರದೆ. ತಿದ್ದಿ ಮುಗಿಸಿದ್ದ ಇಡೀ ಕ್ಲಾಸಿನ ನೋಟ್‌ಬುಕ್ ಈಗ ಮತ್ತ ಮನಿಗೆ ಹೊತ್ತು ತಂದೀನಿ.

ಈ ಸಲ ಓದಾಕ.